ಒಡೆದದ್ದು ಗಾಜೋ, ಫೋನೋ?

ಜೂನ್ ಎರಡನೆಯ ವಾರ ನಮ್ಮ ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದಿಂದ ತಮ್ಮನ ಕರೆ ಬಂತು, ಅದೂ ಅವನ ಹೆಂಡತಿಯ ಫೋನಿನಿಂದ. ನಿಂಬೆ ತೋಟದಲ್ಲಿ ಟ್ರ್ಯಾಕ್ಟರ್‌ನಿಂದ ಇಳಿಯುವಾಗ ಅಂಗಿಯ ಜೇಬಿನಲ್ಲಿದ್ದ ಮೊಬೈಲ್ ಜಾರಿ ಗರಸಿನ ಮೇಲೆ ಬಿದ್ದಿತ್ತು. ಗಾಜು ಜೇಡರ ಬಲೆಯಂತೆ ಬಿರಿದಿದೆ, ಪರದೆಯ ಕೆಳಗಿನ ಅರ್ಧ ಭಾಗ ಬೆರಳಿಗೆ ಓಗೊಡುತ್ತಿಲ್ಲ ಎಂದ. ಇಂಡಿಯ ಅಂಗಡಿಯವರು 2,200 ರೂಪಾಯಿ ಕೇಳಿದ್ದರು. ವಿಜಯಪುರದಲ್ಲಿರುವ ಕಂಪನಿಯ ಸರ್ವಿಸ್ ಸೆಂಟರ್‌ನವರು 4,300 ಎಂದಿದ್ದರು. ಷೋರೂಮಿನವನೊಬ್ಬ, ತಿಂಗಳಿಗೆ 1,400ರಂತೆ ಹನ್ನೆರಡು ಕಂತು ಕಟ್ಟಿ ಹೊಸದನ್ನೇ ಒಯ್ಯಿರಿ ಎಂದು ಹುರಿದುಂಬಿಸಿದ್ದ. "ಅಕ್ಕಾ, ಮೂರು ವರ್ಷದ ಹಳೆಯ ಫೋನಿಗೆ ಮತ್ತೆ ದುಡ್ಡು ಸುರಿಯಬೇಕೇ? ನೀನೇ ಹೇಳು" ಎಂದು ಕೇಳಿದ.

ಥಟ್ಟನೆ ಉತ್ತರ ಹೊಳೆಯಲಿಲ್ಲ. ಆ ವಾರವಿಡೀ ನಾನು ವಿಜಯಪುರದ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಯ ಸುತ್ತಲಿನ ರಿಪೇರಿ ಅಂಗಡಿಗಳಲ್ಲಿ ನಿಂತು, ಕೇಳಿ, ನೋಡಿ ಒಂದು ಲೆಕ್ಕ ಹಾಕಿದೆ. ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಬಂದಾಗಲೆಲ್ಲ ಹಿರಿಯರು "ಇನ್ನೂ ನಡೆಯುತ್ತದೆ, ಇರಲಿ" ಎನ್ನುತ್ತಾರೆ, ಮಕ್ಕಳು "ಹಳೆಯದಾಯಿತು, ಬಿಸಾಕಿ" ಎನ್ನುತ್ತಾರೆ. ಇಬ್ಬರೂ ಫೋನನ್ನು ಒಂದೇ ಇಡೀ ವಸ್ತುವಾಗಿ ನೋಡುತ್ತಾರೆ. ರಿಪೇರಿ ಮೇಜಿನ ಆಚೆ ಕುಳಿತವನಿಗೆ ಅದು ಹಾಗೆ ಕಾಣುವುದಿಲ್ಲ. ಅವನಿಗೆ ಅದು ಡಿಸ್‌ಪ್ಲೇ, ಬ್ಯಾಟರಿ, ಚಾರ್ಜಿಂಗ್ ಬೋರ್ಡ್, ಇಡೀ ಫೋನನ್ನು ನಡೆಸುವ ಮುಖ್ಯ ಹಲಗೆಯಾದ ಮದರ್‌ಬೋರ್ಡ್ ಎಂಬ ಬಿಡಿಭಾಗಗಳ ಜೋಡಣೆ. ಒಂದೊಂದಕ್ಕೂ ಬೇರೆ ಬೆಲೆ, ಬೇರೆ ಆಯುಷ್ಯ. ಯಾವ ಭಾಗ ಕೆಟ್ಟಿದೆ ಎಂದು ತಿಳಿಯದೆ ರಿಪೇರಿಯೋ ಹೊಸದೋ ಎಂದು ತೀರ್ಮಾನಿಸುವುದು, ರೋಗ ತಿಳಿಯದೆ ಔಷಧಿ ಕುಡಿದಂತೆ.

ತಮ್ಮನ ಫೋನಿನಿಂದಲೇ ಶುರುಮಾಡುತ್ತೇನೆ. ನಾವು 'ಡಿಸ್‌ಪ್ಲೇ ಹೋಯಿತು' ಎಂದು ಒಂದೇ ಮಾತಿನಲ್ಲಿ ಹೇಳುವುದರೊಳಗೆ ಮೂರು ಪದರಗಳಿವೆ. ಮೇಲೆ ಗಾಜು, ಅದರಡಿ ಬೆರಳನ್ನು ಗುರುತಿಸುವ ಟಚ್, ಅದರಡಿ ಚಿತ್ರ ಮೂಡಿಸುವ ಡಿಸ್‌ಪ್ಲೇ. ಹಿಂದಿನ ಅಗ್ಗದ ಫೋನ್‌ಗಳಲ್ಲಿ ಮೇಲಿನ ಟಚ್ ಗಾಜನ್ನಷ್ಟೇ ಕಿತ್ತು ಬೇರೆಯದನ್ನು ಅಂಟಿಸಬಹುದಿತ್ತು. ಈಗ ಮೂರನ್ನೂ ಪಾರದರ್ಶಕ ಅಂಟಿನಿಂದ ಒಂದಾಗಿ ಬೆಸೆದಿರುತ್ತಾರೆ. ಅಂಗಡಿಯವರು ಇದನ್ನು 'ಕಾಂಬೊ' ಅಥವಾ 'ಫೋಲ್ಡರ್' ಎನ್ನುತ್ತಾರೆ. ಗಾಜು ಮಾತ್ರ ಒಡೆದು, ಒಳಗಿನ ಚಿತ್ರವೂ ಟಚ್ಚೂ ಸರಿಯಾಗಿದ್ದರೆ ಬರೀ ಗಾಜು ಬದಲಿಸುವ ಕೆಲಸವೂ ಇದೆ. ಅದಕ್ಕೆ ಪರದೆಯನ್ನು ಹದವಾಗಿ ಬಿಸಿಮಾಡಿ ಗಾಜು ಬಿಡಿಸುವ, ಗಾಳಿಗುಳ್ಳೆ ಉಳಿಯದಂತೆ ಮತ್ತೆ ಅಂಟಿಸುವ ಯಂತ್ರ ಬೇಕು. ಯಂತ್ರಕ್ಕಿಂತ ಮಿಗಿಲಾಗಿ ಪಳಗಿದ ಕೈ ಬೇಕು. ಕೈ ತಪ್ಪಿದರೆ ಒಳಗಿನ ಡಿಸ್‌ಪ್ಲೇಯೂ ಹೋಗುತ್ತದೆ. ಆಗ ನಷ್ಟ ಯಾರದು ಎಂಬುದನ್ನು ಕೆಲಸಕ್ಕೆ ಕೊಡುವ ಮೊದಲೇ ಮಾತಾಡಿಕೊಳ್ಳಬೇಕು. ನಾನು ಕಂಡ ಗ್ರಾಹಕರಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ.

ಡಿಸ್‌ಪ್ಲೇಗಳಲ್ಲಿ ಎರಡು ಜಾತಿ. ಕಡಿಮೆ ಬೆಲೆಯ ಫೋನ್‌ಗಳಲ್ಲಿ ಸಾಮಾನ್ಯವಾಗಿ ಎಲ್‌ಸಿಡಿ ಇರುತ್ತದೆ, ಹಿಂದಿನಿಂದ ಬೀಳುವ ದೀಪದ ಬೆಳಕಿನಲ್ಲಿ ಚಿತ್ರ ಕಾಣಿಸುವಂಥದ್ದು. ಅದಕ್ಕಿಂತ ಮೇಲಿನ ದರದವುಗಳಲ್ಲಿ ಅಮೋಲೆಡ್, ಅಂದರೆ ಪ್ರತಿ ಚುಕ್ಕೆಯೂ ತಾನೇ ಬೆಳಗುವಂಥದ್ದು. ರಿಪೇರಿಯ ಬೆಲೆಯಲ್ಲಿ ದೊಡ್ಡ ಅಂತರ ಹುಟ್ಟುವುದು ಇಲ್ಲಿಯೇ. ಅಮೋಲೆಡ್ ಪರದೆ ದುಬಾರಿ, ಅಂಚು ಬಾಗಿದ್ದರೆ ಇನ್ನೂ ದುಬಾರಿ. ಎಷ್ಟೋ ಫೋನ್‌ಗಳಲ್ಲಿ ಅದೊಂದರ ಬೆಲೆಯೇ ಹಳೆಯ ಫೋನಿನ ಮಾರಾಟದ ಬೆಲೆಯನ್ನು ಮೀರುತ್ತದೆ. ಮೂಗಿಗಿಂತ ಮೂಗುತಿ ಭಾರವಾಗುವುದು ಹೀಗೆ. ಆಗ ಅಂಗಡಿಯಲ್ಲಿ ಒಂದು ಆಮಿಷ ಮುಂದಿಡುತ್ತಾರೆ: ಅಮೋಲೆಡ್ ಜಾಗದಲ್ಲಿ ಅಗ್ಗದ ಎಲ್‌ಸಿಡಿ ಕೂರಿಸಿ ಅರ್ಧ ಬೆಲೆಗೆ ಕೊಡುವುದು. ಪರದೆ ಬೆಳಗುತ್ತದೆ, ಗ್ರಾಹಕ ಸಂತೋಷದಿಂದ ಮನೆಗೆ ಹೋಗುತ್ತಾನೆ. ಬಣ್ಣ ಮಂಕಾಗಿರುವುದು, ಬಿಸಿಲಿನಲ್ಲಿ ಅಕ್ಷರ ಕಾಣದಿರುವುದು, ಪರದೆ ಚೌಕಟ್ಟಿನಿಂದ ತುಸು ಉಬ್ಬಿ ನಿಂತಿರುವುದು ಆಮೇಲೆ ಗೊತ್ತಾಗುತ್ತದೆ. ಪರದೆಯೊಳಗೆ ಬೆರಳಚ್ಚು ಓದುವ ಫೋನಾಗಿದ್ದರೆ ಆ ಸೌಲಭ್ಯ ಸತ್ತೇಹೋಗುತ್ತದೆ, ಏಕೆಂದರೆ ಕೆಳಗಿರುವ ಸಂವೇದಕಕ್ಕೆ ಎಲ್‌ಸಿಡಿಯ ಹಿಂಬದಿಯ ದೀಪದ ಪದರ ಅಡ್ಡ ಬರುತ್ತದೆ. ಇದನ್ನು ಮೊದಲೇ ತಿಳಿಸಿ ಮಾರಿದರೆ ತಪ್ಪಿಲ್ಲ. ಬಡವನಿಗೆ ಅದೂ ಒಂದು ದಾರಿ. 'ಒರಿಜಿನಲ್' ಎಂದು ಹೇಳಿ ಕೂರಿಸಿದರೆ ಅದು ಮೋಸ.

ಆ 'ಒರಿಜಿನಲ್' ಎಂಬ ಮಾತಿನ ಬಗ್ಗೆಯೂ ಎಚ್ಚರ ಬೇಕು. ರಿಪೇರಿ ಗಲ್ಲಿಯಲ್ಲಿ ಅದಕ್ಕೆ ಹಲವು ಅರ್ಥಗಳಿವೆ. ಕಂಪನಿಯೇ ಕಳುಹಿಸಿದ ಹೊಸ ಭಾಗ ಒಂದು. ಬೇರೆ ಕೆಟ್ಟ ಫೋನಿನಿಂದ ಬಿಚ್ಚಿ ತೆಗೆದ ನಿಜವಾದ ಭಾಗ ಇನ್ನೊಂದು, ಕೆಲವೊಮ್ಮೆ ಇದೇ ಎಲ್ಲಕ್ಕಿಂತ ಒಳ್ಳೆಯ ಆಯ್ಕೆ. ಬೇರೆ ಕಾರ್ಖಾನೆ ಮಾಡಿದ ಒಳ್ಳೆಯ ನಕಲು ಮತ್ತೊಂದು. ಕೊನೆಯದು ಬರೀ 'ಕಾಪಿ'. ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಮುಂಬೈಯಿಂದಲೋ ಬರುವ ಪೆಟ್ಟಿಗೆಯಲ್ಲಿ ಈ ನಾಲ್ಕೂ ಒಟ್ಟಿಗೇ ಬರುತ್ತವೆ. "ಇದು ಒರಿಜಿನಲ್ಲೇ?" ಎಂದು ಕೇಳಿದರೆ "ಹೌದು" ಎಂಬ ಉತ್ತರವಷ್ಟೇ ಸಿಗುತ್ತದೆ. "ಎಷ್ಟು ಬಗೆಯ ಕಾಂಬೊ ಇವೆ, ಒಂದೊಂದರ ಬೆಲೆ ಎಷ್ಟು, ಯಾವುದಕ್ಕೆ ಎಷ್ಟು ತಿಂಗಳ ಗ್ಯಾರಂಟಿ ಬರೆದುಕೊಡುತ್ತೀರಿ?" ಎಂದು ಕೇಳಿದರೆ ಅಂಗಡಿಯವನು ಪೆಟ್ಟಿಗೆ ತೆರೆದು ತೋರಿಸುತ್ತಾನೆ. ತಮ್ಮನ ಮಾದರಿಗೆ ವಿಜಯಪುರದ ಒಂದು ಅಂಗಡಿಯಲ್ಲಿ ಹೀಗೆ ಕೇಳಿದಾಗ ಎರಡು ದರ ಸಿಕ್ಕವು. ಕಾಪಿಗೆ 2,200, ಅದಕ್ಕೆ ಗ್ಯಾರಂಟಿ ಇಲ್ಲ. ಮೇಲಿನ ದರ್ಜೆಯದಕ್ಕೆ 3,200, ಅದಕ್ಕೆ ಆರು ತಿಂಗಳು. ಇಂಡಿಯಲ್ಲಿ ಕೇಳಿದ 2,200 ಯಾವುದಕ್ಕೆ ಎಂಬುದು ಆಗ ತಿಳಿಯಿತು.

ಕೂರಿಸಿದ ಮೇಲೆ ಹಣ ಕೊಡುವ ಮೊದಲು ಐದು ನಿಮಿಷ ಅಲ್ಲೇ ನಿಂತು ನೋಡಬೇಕು. ಒಂದು ಚಿಹ್ನೆಯನ್ನು ಒತ್ತಿ ಹಿಡಿದು ಪರದೆಯ ಮೂಲೆ ಮೂಲೆಗೂ ಎಳೆಯಿರಿ, ಎಲ್ಲಿಯೂ ಜಾರಿಬಿಡಬಾರದು. ಬೆಳಕನ್ನು ಪೂರ್ತಿ ಏರಿಸಿ ಅಂಗಡಿಯ ಹೊರಗೆ ಬಿಸಿಲಿಗೆ ಹಿಡಿಯಿರಿ. ಯಾರಿಗಾದರೂ ಕರೆ ಮಾಡಿ ಕಿವಿಗೆ ಹಿಡಿದಾಗ ಪರದೆ ಆರುತ್ತದೆಯೇ ನೋಡಿ. ಬೆರಳಚ್ಚು ಪರೀಕ್ಷಿಸಿ. ಬಿಚ್ಚಿದ ಹಳೆಯ ಭಾಗವನ್ನು ಕೇಳಿ ತೆಗೆದುಕೊಳ್ಳಿ.

ಡಿಸ್‌ಪ್ಲೇ ಒಡೆದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಬ್ಯಾಟರಿ ಸದ್ದಿಲ್ಲದೆ ಸಾಯುತ್ತದೆ. ನಮ್ಮ ಜಿಲ್ಲೆಯಲ್ಲಿ ಚೆನ್ನಾಗಿರುವ ಫೋನ್‌ಗಳು ಮೂಲೆ ಸೇರುವುದಕ್ಕೆ ದೊಡ್ಡ ಕಾರಣ ಇದೇ ಎಂಬುದು ನನ್ನ ಅನಿಸಿಕೆ. ಲಿಥಿಯಂ ಅಯಾನ್ ಬ್ಯಾಟರಿ ಪ್ರತಿ ಬಾರಿ ತುಂಬಿ ಬರಿದಾದಾಗಲೂ ತನ್ನ ಶಕ್ತಿಯ ಒಂದು ಎಳೆಯನ್ನು ಕಳೆದುಕೊಳ್ಳುತ್ತದೆ. ಸಾಧಾರಣ ಬ್ಯಾಟರಿಗಳು ಇಂಥ 500 ಸುತ್ತುಗಳ ಹೊತ್ತಿಗೆ ಮೂಲ ಶಕ್ತಿಯ ಶೇ 80ಕ್ಕೆ ಇಳಿಯುತ್ತವೆ ಎಂಬುದು ಬಹುಕಾಲದ ಲೆಕ್ಕ. ಈಗಿನ ಕೆಲವು ಒಳ್ಳೆಯ ಬ್ಯಾಟರಿಗಳು ಅದರ ದುಪ್ಪಟ್ಟು ಬಾಳುತ್ತವೆ. ದಿನಕ್ಕೊಂದು ಸುತ್ತು ಎಂದರೂ 500 ಸುತ್ತು ಒಂದೂವರೆ ವರ್ಷದೊಳಗೇ ಮುಗಿಯುತ್ತದೆ.

ಇದಕ್ಕೆ ನಮ್ಮೂರಿನ ಬಿಸಿಲು ಸೇರಿಕೊಳ್ಳುತ್ತದೆ. ಆಪಲ್ ಕಂಪನಿ ತನ್ನ ಐಫೋನ್‌ಗಳನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಲು ಹೇಳುತ್ತದೆ. ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ನೆರಳಿನಲ್ಲಿಯೇ 40 ಡಿಗ್ರಿ ದಾಟುವುದು ವಾಡಿಕೆ. ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿದ ಫೋನಿಗೆ, ಟ್ರ್ಯಾಕ್ಟರ್‌ನ ಬಾನೆಟ್ಟಿನ ಮೇಲಿಟ್ಟ ಫೋನಿಗೆ, ಮಾಳಿಗೆಯ ಮೇಲೆ ಕಾದ ಸಿಮೆಂಟಿನ ಮೇಲೆ ಚಾರ್ಜಿಗೆ ಹಾಕಿ ದಿಂಬಿನ ಕೆಳಗೆ ತಳ್ಳಿದ ಫೋನಿಗೆ ಅದಕ್ಕಿಂತಲೂ ಹೆಚ್ಚು ಬಿಸಿ ತಗಲುತ್ತದೆ. ಬ್ಯಾಟರಿಯೊಳಗಿನ ರಾಸಾಯನಿಕಗಳು ಬಿಸಿಯಲ್ಲಿ ಬೇಗ ಹಾಳಾಗುತ್ತವೆ. ಪೂರ್ತಿ ತುಂಬಿದ ಸ್ಥಿತಿಯಲ್ಲಿ ಬಿಸಿಯಾದರೆ ಇನ್ನೂ ಬೇಗ. ಇಲ್ಲಿನ ಬ್ಯಾಟರಿಗೆ ಎರಡು ವರ್ಷವೇ ದೊಡ್ಡ ಆಯುಷ್ಯ.

ಮುಖ್ಯವಾದ ಸಂಗತಿ ಏನೆಂದರೆ, ಸೋತ ಬ್ಯಾಟರಿ ತಾನು ಸೋತಿದ್ದೇನೆ ಎಂದು ಯಾವಾಗಲೂ ಹೇಳುವುದಿಲ್ಲ. ಫೋನ್ 'ನಿಧಾನವಾಯಿತು', 'ಹ್ಯಾಂಗ್ ಆಗುತ್ತದೆ', 'ಶೇ 20 ಇರುವಾಗಲೇ ಆರಿಹೋಗುತ್ತದೆ' ಎಂಬ ದೂರುಗಳ ಹಿಂದೆ ಎಷ್ಟೋ ಸಲ ಅದೇ ಇರುತ್ತದೆ. ಬ್ಯಾಟರಿ ಸವೆದ ಹಳೆಯ ಐಫೋನ್‌ಗಳು ಥಟ್ಟನೆ ಆರಿಹೋಗದಿರಲೆಂದು ತಾನೇ ಅವುಗಳ ವೇಗ ಇಳಿಸಿದ್ದಾಗಿ ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತ್ತು. ಹೊಸ ಬ್ಯಾಟರಿ ಹಾಕಿದರೆ ಆ ಫೋನ್‌ಗಳ ವೇಗ ಮರಳುತ್ತಿತ್ತು. ನೂರಾರು ರೂಪಾಯಿಗಳಿಂದ ಒಂದೆರಡು ಸಾವಿರದೊಳಗೆ ಮುಗಿಯುವ ಈ ಕೆಲಸಕ್ಕೆ ಬದಲಾಗಿ ಹದಿನೈದು ಸಾವಿರದ ಹೊಸ ಫೋನ್ ಕೊಳ್ಳುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಹಿಂಬದಿಯ ಮುಚ್ಚಳ ಉಬ್ಬಿದ್ದರೆ, ಪರದೆ ಅಂಚಿನಿಂದ ಎದ್ದಿದ್ದರೆ ಮಾತ್ರ ಒಂದು ದಿನವೂ ತಡಮಾಡಬೇಡಿ. ಉಬ್ಬಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕಬಾರದು, ಒತ್ತಬಾರದು, ಚುಚ್ಚಬಾರದು. ಅದು ಬೆಂಕಿ ಹಿಡಿಯುವ ವಸ್ತು, ಮಕ್ಕಳ ಕೈಗೆ ಸಿಗುವಂತೆ ಇಡುವಂಥದ್ದಲ್ಲ.

ಚಾರ್ಜ್ ಆಗುತ್ತಿಲ್ಲ ಎಂಬ ದೂರಿಗೆ ಹೆಚ್ಚು ಮಾತು ಬೇಡ. ಹೊಲದ ಧೂಳು, ಜೇಬಿನ ನೂಲಿನ ಹೊಟ್ಟು ಚಾರ್ಜಿಂಗ್ ಕಿಂಡಿಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಫೋನ್ ಆರಿಸಿ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆದರೆ ಎಷ್ಟೋ ಫೋನ್‌ಗಳು ಅಲ್ಲಿಗೇ ಸರಿಯಾಗುತ್ತವೆ. ಆಗದಿದ್ದರೆ ಅಂಗಡಿಯವರು 'ಸಿಸಿ ಬೋರ್ಡ್' ಎನ್ನುವ ಚಿಕ್ಕ ಚಾರ್ಜಿಂಗ್ ಹಲಗೆಯನ್ನು ಬದಲಿಸಬೇಕು. ಸಾಮಾನ್ಯ ಫೋನ್‌ಗಳಲ್ಲಿ ಇದೂ ಅಗ್ಗದ ಕೆಲಸವೇ. ಸ್ಪೀಕರ್, ಮೈಕ್, ಬಟನ್ ಇವೂ ಹಾಗೆಯೇ, ಕಣ್ಣು ಮುಚ್ಚಿ ರಿಪೇರಿ ಮಾಡಿಸಬಹುದು.

ನೀರಿಗೆ ಬಿದ್ದ ಫೋನಿನ ಕಥೆ ಬೇರೆ. ಹೋದ ವರ್ಷ ನಮ್ಮ ಚಿಕ್ಕಪ್ಪನ ಮಗಳು ಬಟ್ಟೆ ಒಗೆಯುವಾಗ ಫೋನ್ ನೀರಿನ ತೊಟ್ಟಿಗೆ ಬಿತ್ತು. ಮನೆಯವರೆಲ್ಲ ಸೇರಿ ಅದನ್ನು ಜೋಳದ ಡಬ್ಬಿಯಲ್ಲಿ ಮೂರು ದಿನ ಹೂತಿಟ್ಟರು. ನಾಲ್ಕನೆಯ ದಿನ ಹಚ್ಚಿದಾಗ ಹೊತ್ತಿತು, ಎಲ್ಲರೂ ಹಿಗ್ಗಿದರು. ಮೂರು ವಾರಗಳ ಬಳಿಕ ಚಾರ್ಜಿಗೆ ಹಾಕಿದಾಗ ಆರಿದ್ದು ಮತ್ತೆ ಏಳಲಿಲ್ಲ. ಅಂಗಡಿಯಲ್ಲಿ ಬಿಚ್ಚಿದಾಗ ಬೋರ್ಡಿನ ಮೇಲೆ ಹಸಿರು ಕಿಲುಬು ಹಬ್ಬಿತ್ತು. ಜೋಳವಾಗಲಿ ಅಕ್ಕಿಯಾಗಲಿ ಮುಚ್ಚಿದ ಫೋನಿನ ಹೊಟ್ಟೆಯಿಂದ ನೀರನ್ನು ಎಳೆಯಲಾರದು. ಅಕ್ಕಿಯಲ್ಲಿ ಇಡಬೇಡಿ, ಅದರ ಪುಡಿಯಿಂದ ಫೋನಿಗೆ ಹಾನಿಯಾದೀತು ಎಂದು ಆಪಲ್ ತನ್ನ ಬಳಕೆದಾರರಿಗೆ ಹೇಳಿದೆ. ನೀರು ಆರಿದರೂ ಅದರಲ್ಲಿದ್ದ ಉಪ್ಪು ಬೋರ್ಡಿನ ಮೇಲೆಯೇ ಉಳಿಯುತ್ತದೆ, ನಮ್ಮ ಕೊಳವೆಬಾವಿಗಳ ಗಡಸು ನೀರಿನಲ್ಲಂತೂ ಅದು ಹೆಚ್ಚು. ವಿದ್ಯುತ್ ಹರಿದಾಗ ಆ ಉಪ್ಪಿನ ಪಸೆಯೇ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಆದ್ದರಿಂದ ನೀರಿಗೆ ಬಿದ್ದ ಕ್ಷಣ ಆರಿಸಿಬಿಡಬೇಕು, ಹತ್ತುತ್ತದೆಯೇ ಎಂದು ಪರೀಕ್ಷಿಸಬಾರದು, ಚಾರ್ಜಿಗೆ ಹಾಕಲೇಬಾರದು. ಅದೇ ದಿನ ಬಿಚ್ಚಿಸಿ, ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಬೋರ್ಡ್ ತೊಳೆಸಬೇಕು. ಆ ಒಂದು ದಿನದಲ್ಲಿ ಕೆಲವು ನೂರು ರೂಪಾಯಿಗೆ ಆಗುವ ಕೆಲಸ, ವಾರದ ನಂತರ ಸಾವಿರಾರು ಕೊಟ್ಟರೂ ಆಗುವುದಿಲ್ಲ. ನೀರು ತಡೆಯುವ ಫೋನ್ ಎಂದು ಜಾಹೀರಾತಿನಲ್ಲಿ ಹೇಳಿದ್ದರೂ ಆ ಪರೀಕ್ಷೆ ನಡೆದಿರುವುದು ಹೊಸ ಫೋನಿನ ಮೇಲೆ, ಸಿಹಿನೀರಿನಲ್ಲಿ. ಒಮ್ಮೆ ಬಿಚ್ಚಿ ಮುಚ್ಚಿದ ಫೋನಿನ ಅಂಟಿನ ಬಂದೋಬಸ್ತು ಮೊದಲಿನಂತೆ ಇರುವುದಿಲ್ಲ. ನೀರಿನ ಹಾನಿಯನ್ನು ಸಾಮಾನ್ಯ ವಾರಂಟಿ ಒಪ್ಪುವುದೂ ಇಲ್ಲ. ಒಳಗೆ ಅಂಟಿಸಿರುವ ಚಿಕ್ಕ ಬಿಳಿಯ ಚೀಟಿ ನೀರು ತಾಗಿದರೆ ಕೆಂಪಾಗಿ ಸಾಕ್ಷಿ ನುಡಿಯುತ್ತದೆ.

ಕಿಲುಬು ಹಿಡಿದೋ ಪೆಟ್ಟು ತಿಂದೋ ಮದರ್‌ಬೋರ್ಡೇ ಸತ್ತಿದ್ದರೆ ನನ್ನ ಅಭಿಪ್ರಾಯ ಸ್ಪಷ್ಟ: ಒಳಗಿನ ಫೋಟೊ, ದಾಖಲೆ ತೆಗೆಯಲೆಂದು ಮಾತ್ರ ಖರ್ಚು ಮಾಡಿ, ಫೋನನ್ನು ಉಳಿಸಲೆಂದು ಮಾಡಬೇಡಿ. ಸೂಕ್ಷ್ಮದರ್ಶಕದ ಕೆಳಗೆ ಬೋರ್ಡಿನ ಐಸಿ ಎಂಬ ಪುಟ್ಟ ಚಿಪ್ ಬದಲಿಸುವ ಕುಶಲಿಗಳು ನಮ್ಮ ಊರುಗಳಲ್ಲಿಯೂ ಇದ್ದಾರೆ, ಅವರ ಕೈಚಳಕ ಕಂಡು ಬೆರಗಾಗಿದ್ದೇನೆ. ಆದರೂ ಒಂದು ಐಸಿ ಸುಟ್ಟ ಬೋರ್ಡಿನಲ್ಲಿ ಮುಂದಿನದು ಯಾವಾಗ ಹೋಗುತ್ತದೆ ಎಂದು ಅವರೂ ಹೇಳಲಾರರು.

ಈಗ ಕಣ್ಣಿಗೆ ಕಾಣದ ಇನ್ನೊಂದು ಸವೆತದ ಮಾತು. ಫೋನ್ ಗಟ್ಟಿಯಾಗಿದ್ದರೂ ಅದರ ತಂತ್ರಾಂಶಕ್ಕೆ ಕಂಪನಿ ಭದ್ರತಾ ಪರಿಷ್ಕರಣೆ (ಸೆಕ್ಯುರಿಟಿ ಅಪ್‌ಡೇಟ್) ಕಳುಹಿಸುವುದನ್ನು ನಿಲ್ಲಿಸಿದ ದಿನದಿಂದ ಅದಕ್ಕೆ ಬೇರೊಂದು ಬಗೆಯ ಮುಪ್ಪು ಹಿಡಿಯುತ್ತದೆ. ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರಲ್ಲಿ ಎಸ್24ಕ್ಕೆ ಏಳು ವರ್ಷಗಳ ಪರಿಷ್ಕರಣೆಯ ಭರವಸೆ ಕೊಟ್ಟವು. ಅವು ದುಬಾರಿ ಫೋನ್‌ಗಳು. ನಮ್ಮ ಸಂತೆಪೇಟೆಗಳಲ್ಲಿ ಓಡಾಡುವ ಅಗ್ಗದ ಫೋನ್‌ಗಳಲ್ಲಿ ಹಲವಕ್ಕೆ ಎರಡು-ಮೂರು ವರ್ಷ ಸಿಕ್ಕರೆ ಹೆಚ್ಚು. ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರ ತೆರೆದರೆ ಕೊನೆಯ ಭದ್ರತಾ ಪರಿಷ್ಕರಣೆಯ ದಿನಾಂಕ ಕಾಣುತ್ತದೆ. ಅದು ವರ್ಷಗಟ್ಟಲೆ ಹಿಂದಿನದಾಗಿದ್ದರೆ, ಆ ಫೋನಿನ ಮೇಲೆ ದೊಡ್ಡ ಮೊತ್ತ ಸುರಿಯಬಾರದು. ಬ್ಯಾಂಕಿನ ಕೆಲಸ, ಯುಪಿಐ ಅದರಲ್ಲಿ ಇರಲೂಬಾರದು. ಕೆಲವು ಆ್ಯಪ್‌ಗಳು ತಾವಾಗಿಯೇ ಹಳೆಯ ಫೋನ್‌ಗಳನ್ನು ಕೈಬಿಡುತ್ತವೆ. ವಾಟ್ಸ್‌ಆ್ಯಪ್ 2025ರ ಜನವರಿಯಿಂದ ಆಂಡ್ರಾಯ್ಡ್ 4.4ರ ಫೋನ್‌ಗಳಲ್ಲಿ ನಡೆಯುವುದನ್ನು ನಿಲ್ಲಿಸಿತು.

ಇಷ್ಟು ತಿಳಿದ ಮೇಲೆ ಲೆಕ್ಕ ಹಾಕಬಹುದು. ರಿಪೇರಿಯ ಮೊತ್ತವನ್ನು ಹೊಸ ಫೋನಿನ ಬೆಲೆಯ ಪಕ್ಕದಲ್ಲಿಟ್ಟು ನೋಡುವುದು ಎಲ್ಲರ ರೂಢಿ. ಅದು ಸರಿಯಾದ ತಕ್ಕಡಿಯಲ್ಲ. ಕೊಟ್ಟ ಹಣಕ್ಕೆ ಎಷ್ಟು ತಿಂಗಳ ಆಯುಷ್ಯ ಸಿಗುತ್ತದೆ ಎಂದು ತೂಗಬೇಕು. ತಮ್ಮನ ಫೋನಿಗೆ ಭದ್ರತಾ ಪರಿಷ್ಕರಣೆ ಇನ್ನು ಹದಿನೆಂಟು ತಿಂಗಳು ಬರುವುದಿತ್ತು. ಬ್ಯಾಟರಿಯೂ ಮೂರು ವರ್ಷದ್ದು, ಹೇಗೂ ಬಿಚ್ಚುವಾಗ ಅದನ್ನೂ ಬದಲಿಸುವುದು ಜಾಣತನ. ಸರ್ವಿಸ್ ಸೆಂಟರ್‌ನಲ್ಲಿ ಎರಡೂ ಸೇರಿ 5,400, ಅಂದರೆ ತಿಂಗಳಿಗೆ 300 ರೂಪಾಯಿ. ಗಲ್ಲಿಯ ಅಂಗಡಿಯಲ್ಲಿ ಮೇಲಿನ ದರ್ಜೆಯ ಕಾಂಬೊ ಮತ್ತು ಬ್ಯಾಟರಿ ಸೇರಿ 4,100, ತಿಂಗಳಿಗೆ ಸುಮಾರು 228. ಹೊಸ ಫೋನಿನ ಬೆಲೆ 16,000, ಬಿಸಿಲಿನಲ್ಲಿ ನಾಲ್ಕು ವರ್ಷ ಬಾಳಿತು ಎಂದುಕೊಂಡರೆ ತಿಂಗಳಿಗೆ 333. ಅಗ್ಗವೆಂದು ಕಂಡ 2,200ರ ಕಾಪಿ ಆರು ತಿಂಗಳಿಗೆ ಕೆಟ್ಟರೆ ತಿಂಗಳಿಗೆ 367! ಎಲ್ಲಕ್ಕಿಂತ ಕಡಿಮೆ ಹಣದ ರಿಪೇರಿ ಎಲ್ಲಕ್ಕಿಂತ ದುಬಾರಿಯಾಗಿ ನಿಂತದ್ದು ನನಗೇ ಅಚ್ಚರಿ ತಂದಿತು. ಫೋನಿಗೆ ಪರಿಷ್ಕರಣೆ ಆರೇ ತಿಂಗಳು ಉಳಿದಿದ್ದರೆ ಇದೇ ಲೆಕ್ಕ ತಲೆಕೆಳಗಾಗುತ್ತಿತ್ತು, ಆಗ ಹೊಸದನ್ನು ಕೊಳ್ಳು ಎಂದೇ ಹೇಳುತ್ತಿದ್ದೆ.

ಲೆಕ್ಕಕ್ಕೆ ಇನ್ನೂ ಎರಡು ಎಳೆಗಳಿವೆ. ಒಂದು, ಹಣ ಯಾವಾಗ ಕೈಯಲ್ಲಿರುತ್ತದೆ ಎಂಬುದು. ನಿಂಬೆಗೆ ಬೆಲೆ ಬರುವುದು ಬೇಸಿಗೆಯಲ್ಲಿ. ಮಳೆ ಹಿಡಿದ ಮೇಲೆ ದರ ಇಳಿಯುತ್ತದೆ, ಅದೇ ಹೊತ್ತಿಗೆ ಬೀಜ, ಗೊಬ್ಬರ ಕೊಳ್ಳಬೇಕು. ಜೂನ್‌ನಲ್ಲಿ 16,000 ತೆಗೆಯುವುದೆಂದರೆ ಸಾಲವೇ. ಷೋರೂಮಿನವನ 'ಶೂನ್ಯ ಬಡ್ಡಿ'ಯ ಹನ್ನೆರಡು ಕಂತುಗಳನ್ನು ಕೂಡಿಸಿ ನೋಡಿ, 16,800 ಆಗುತ್ತದೆ. ಹೆಚ್ಚಿನ 800 ಎಲ್ಲಿಂದ ಬಂತು ಎಂದರೆ 'ಪ್ರೊಸೆಸಿಂಗ್ ಶುಲ್ಕ' ಎಂಬ ಉತ್ತರ. ಹೆಸರು ಬೇರೆಯಾದರೆ ಬಡ್ಡಿ ಬಡ್ಡಿಯಲ್ಲದೆ ಹೋಗುವುದಿಲ್ಲ. ಹೊಸ ಫೋನಿನ ಬೆಲೆಯಲ್ಲಿ ಶೇ 18 ಜಿಎಸ್‌ಟಿಯೂ ಅಡಗಿದೆ. 2020ರ ಮಾರ್ಚ್ ಕೊನೆಯವರೆಗೆ ಅದು ಶೇ 12 ಇತ್ತು. ಇದರ ಮೇಲೆ 2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಏರಿದೆ. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ದತ್ತಾಂಶ ಕೇಂದ್ರಗಳು ಆ ಚಿಪ್‌ಗಳನ್ನು ಹೀರಿಕೊಳ್ಳುತ್ತಿರುವುದು ಅದಕ್ಕೆ ಕಾರಣ. ಅದರ ಬಿಸಿ ಅಗ್ಗದ ಫೋನ್‌ಗಳಿಗೇ ಹೆಚ್ಚು ತಟ್ಟುತ್ತದೆ, ಏಕೆಂದರೆ ಅವುಗಳ ಲಾಭ ಮೊದಲೇ ತೆಳು.

ಎರಡನೆಯದು ದೂರ. ಎಲ್ಲ ಕಂಪನಿಗಳ ಸರ್ವಿಸ್ ಸೆಂಟರ್‌ಗಳು ನಮ್ಮ ಜಿಲ್ಲಾ ಕೇಂದ್ರದಲ್ಲಿಲ್ಲ. ಕೆಲವು ಫೋನ್‌ಗಳಿಗೆ ಸುಮಾರು 100 ಕಿಲೋಮೀಟರ್ ದೂರದ ಸೊಲ್ಲಾಪುರಕ್ಕೋ, ಅದರ ದುಪ್ಪಟ್ಟು ದೂರದ ಹುಬ್ಬಳ್ಳಿಗೋ ಹೋಗಬೇಕು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹುಬ್ಬಳ್ಳಿಯ ಬಸ್ಸು ನಮಗೆ ಹೆಂಗಸರಿಗೆ ಉಚಿತವಾದರೂ ಹೋದ ದಿನದ ಕೂಲಿ ಮರಳಿ ಬರುವುದಿಲ್ಲ. ಭಾಗ ಸ್ಟಾಕ್ ಇಲ್ಲ, ಹತ್ತು ದಿನ ಬಿಟ್ಟು ಬನ್ನಿ ಎಂದರೆ ಎರಡು ದಿನದ ಕೂಲಿ. ಆ ಹತ್ತು ದಿನ ಫೋನ್ ಇಲ್ಲದ ರೈತನ ಕಷ್ಟವನ್ನು ಯಾರೂ ಬಿಲ್ಲಿನಲ್ಲಿ ಬರೆಯುವುದಿಲ್ಲ. ಬ್ಯಾಂಕಿನ ಒಟಿಪಿ, ಮಾರುಕಟ್ಟೆಯ ದರ, ಹೊಲದಲ್ಲಿ ನಿಂತು ಬೆಳೆ ಸಮೀಕ್ಷೆಯ ಆ್ಯಪ್‌ಗೆ ಏರಿಸಬೇಕಾದ ತೊಗರಿಯ ಫೋಟೊ, ಎಲ್ಲವೂ ಆ ಒಂದು ಪರದೆಯ ಹಿಂದಿವೆ. ಬೆಳೆ ವಿಮೆಗೂ ಬೆಂಬಲ ಬೆಲೆಯ ಖರೀದಿಗೂ ಆ ಸಮೀಕ್ಷೆಯ ದಾಖಲೆಯೇ ಆಧಾರ. ಆದ್ದರಿಂದ ಊರಿನಲ್ಲೇ ಎರಡು ಗಂಟೆಯಲ್ಲಿ ಮುಗಿಯುವ ರಿಪೇರಿಗೆ, ಭಾಗ ಸ್ವಲ್ಪ ಕೆಳದರ್ಜೆಯದಾದರೂ, ತನ್ನದೇ ಬೆಲೆಯಿದೆ. ವಾರಂಟಿ ಇನ್ನೂ ಉಳಿದಿರುವ ಫೋನನ್ನು ಮಾತ್ರ ಹೊರಗೆ ಬಿಚ್ಚಿಸಬೇಡಿ.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಫೋನ್ ಕೊಳ್ಳುವಾಗ ಕ್ಯಾಮೆರಾದ ಮೆಗಾಪಿಕ್ಸೆಲ್ ಎಷ್ಟು ಎಂದು ಹತ್ತು ಕಡೆ ಬರೆದಿರುತ್ತಾರೆ. ಡಿಸ್‌ಪ್ಲೇ ಒಡೆದರೆ ಅದರ ಬೆಲೆ ಎಷ್ಟು, ಬ್ಯಾಟರಿ ಎಷ್ಟು ವರ್ಷ ಸಿಗುತ್ತದೆ ಎಂದು ಡಬ್ಬಿಯ ಮೇಲೆ ಎಲ್ಲಿಯೂ ಬರೆದಿರುವುದಿಲ್ಲ. ಮೂರು ವರ್ಷಗಳ ನಂತರ ಬರುವ ಖರ್ಚನ್ನು ಮುಚ್ಚಿಟ್ಟು ಮಾರುವುದು ಗ್ರಾಹಕನಿಗೆ ಮಾಡುವ ಅನ್ಯಾಯ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಗುರುತಿಸಿ, ಅದೇ ವರ್ಷದ ಡಿಸೆಂಬರ್ 24ರಂದು ಒಂದು ಜಾಲತಾಣವನ್ನೂ ತೆರೆಯಿತು. ಮೊಬೈಲ್‌ಗಳಿಗೂ ಉಪಕರಣಗಳಿಗೂ 'ರಿಪೇರಿ ಸೂಚ್ಯಂಕ' ಇರಬೇಕೆಂದು ಭರತ್ ಖೇರಾ ಅಧ್ಯಕ್ಷತೆಯ ಇನ್ನೊಂದು ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಸಿಗುತ್ತದೆಯೇ, ತಂತ್ರಾಂಶ ಪರಿಷ್ಕರಣೆ ಎಷ್ಟು ಕಾಲ ಎಂಬುದನ್ನೆಲ್ಲ ಅಳೆದು ಅಂಕ ಕೊಡುವುದು, ಅದನ್ನು ಮಾರಾಟದ ಜಾಗದಲ್ಲಿ ತೋರಿಸುವುದು ಅದರ ಶಿಫಾರಸು. ವಿಜಯಪುರದ ಯಾವ ಷೋರೂಮಿನಲ್ಲಿಯೂ ಅಂಥ ಅಂಕ ನನ್ನ ಕಣ್ಣಿಗೆ ಬಿದ್ದಿಲ್ಲ. ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ನಿಯಮವೇ ಜಾರಿಯಲ್ಲಿದೆ: ಒಂದು ಮಾದರಿಯ ಮಾರಾಟ ನಿಂತ ಮೇಲೂ ಮುಖ್ಯ ಬಿಡಿಭಾಗಗಳು ಏಳು ವರ್ಷ ಸಿಗಬೇಕು, ಬ್ಯಾಟರಿ 800 ಸುತ್ತುಗಳ ನಂತರವೂ ಶೇ 80 ಶಕ್ತಿ ಉಳಿಸಿಕೊಂಡಿರಬೇಕು. ಅದೇ ಕಂಪನಿಗಳು ಅಲ್ಲಿ ಮಾಡುವುದನ್ನು 40 ಡಿಗ್ರಿಯ ನಮ್ಮೂರಿಗೂ ಮಾಡಲಿ ಎಂದು ಕೇಳುವುದರಲ್ಲಿ ತಪ್ಪೇನಿದೆ?

ಸೂಚ್ಯಂಕ ಬರುವವರೆಗೂ ನಮ್ಮ ಕೈಯಲ್ಲಿ ಇರುವ ಅಸ್ತ್ರ ಬಿಲ್ಲು, ಅಂದರೆ ರಸೀದಿ. ಬಿಲ್ಲು ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿನಲ್ಲಿ ಸೇರಿಸಿದೆ. ಹಾಕಿದ ಭಾಗ ಯಾವ ದರ್ಜೆಯದು, ಗ್ಯಾರಂಟಿ ಎಷ್ಟು ತಿಂಗಳು ಎಂದು ಬಿಲ್ಲಿನಲ್ಲಿ ಬರೆಸಿಕೊಂಡರೆ ಮಾತು ಕೊಟ್ಟವರು ತಪ್ಪಿಸಿಕೊಳ್ಳಲಾರರು. ಜಗಳಕ್ಕೆ ಮುನ್ನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಗೂ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ. ಆನ್‌ಲೈನಿನಲ್ಲಿ ಕೊಂಡಿದ್ದರೂ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರಬಹುದು.

ಫೋನ್ ಕೈಬಿಡುವ ಮೊದಲು ಇನ್ನೊಂದು ಎಚ್ಚರ. ರಿಪೇರಿಗೆ ಕೊಡುವಾಗ ಸಿಮ್, ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ, ಫೋಟೊಗಳನ್ನು ಬೇರೆಡೆ ಉಳಿಸಿಕೊಳ್ಳಿ, ಪ್ಯಾಟರ್ನ್ ಹೇಳಬೇಡಿ. ಕೆಲವು ಫೋನ್‌ಗಳಲ್ಲಿ ಖಾಸಗಿ ಮಾಹಿತಿಯನ್ನು ಮರೆಮಾಡುವ ರಿಪೇರಿ ಮೋಡ್ ಇದೆ, ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ಮೇಂಟೆನೆನ್ಸ್ ಮೋಡ್. ಹೆಂಗಸರು ಫೋನ್ ಬಿಟ್ಟುಬರಲು ಹಿಂಜರಿಯುವುದು ಸಹಜ. ಎದುರಿಗೇ ಕುಳಿತು ಮಾಡಿಸಿಕೊಳ್ಳಿ, ಒಳ್ಳೆಯ ಅಂಗಡಿಯವರು ಬೇಡ ಎನ್ನುವುದಿಲ್ಲ. ಹಳ್ಳಿಗಳಲ್ಲಿ ಕೆಟ್ಟ ಮೊಬೈಲಿಗೆ ಪ್ಲಾಸ್ಟಿಕ್ ಬುಟ್ಟಿ, ಡಬ್ಬಿ ಕೊಡುತ್ತೇವೆಂದು ಕೂಗುತ್ತ ಬೈಕಿನಲ್ಲಿ ಬರುವವರಿಗೆ ಫೋನ್ ಕೊಡಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಪರದೆ ಸತ್ತಿದ್ದರೂ ಒಳಗಿನ ಮೆಮೊರಿ ಚಿಪ್ ಬದುಕಿರುತ್ತದೆ. ಅದರಲ್ಲಿ ಮನೆಯವರೆಲ್ಲರ ಫೋಟೊ, ಆಧಾರ್ ಪ್ರತಿ, ಬ್ಯಾಂಕಿನ ಸಂದೇಶಗಳು ಇರುತ್ತವೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಫೋನ್‌ಗಳನ್ನು ಸರಿಯಾಗಿ ಮರುಬಳಕೆಗೆ ಮುಟ್ಟಿಸುವ ಹೊಣೆ ತಯಾರಕರದ್ದು. ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋದಾಗ ಅದನ್ನು ಒಪ್ಪಿಸಿ ಬನ್ನಿ. ರಿಪೇರಿಯ ಬದಲು ಬಳಸಿದ ಫೋನ್ ಕೊಳ್ಳುವವರು *#06# ಒತ್ತಿ ಐಎಂಇಐ ಎಂಬ ಫೋನಿನ ಗುರುತಿನ ಸಂಖ್ಯೆ ನೋಡಿ, ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಮುಂದೆ ಆ ಸಂಖ್ಯೆ ಬರೆದು 14422ಕ್ಕೆ ಸಂದೇಶ ಕಳುಹಿಸಿದರೆ, ಕಳುವಿನ ಮಾಲೇ ಎಂದು ತಿಳಿಯುತ್ತದೆ.

ತಮ್ಮ ಮುಂದಿನ ಸೋಮವಾರ ವಿಜಯಪುರಕ್ಕೆ ಬಂದ. 3,200ರ ಕಾಂಬೊ, 900ರ ಬ್ಯಾಟರಿ. ಅಂಗಡಿಯ ಹುಡುಗ ಮುಚ್ಚಳ ಬಿಚ್ಚಿ ಹಳೆಯ ಬ್ಯಾಟರಿಯನ್ನು ಮೇಜಿನ ಮೇಲೆ ಮಲಗಿಸಿದಾಗ ಅದು ಒಂದು ಬದಿಗೆ ಸಣ್ಣಗೆ ಉಬ್ಬಿದ್ದು ಕಂಡಿತು. ಮೂರು ತಿಂಗಳಿನಿಂದ ಫೋನ್ ಬಿಸಿಯಾಗುತ್ತಿತ್ತು, ಬಿಸಿಲಿಗೆ ಎಂದುಕೊಂಡಿದ್ದೆ ಎಂದ ತಮ್ಮ. ಹುಡುಗ ಅದನ್ನು ಮರಳು ತುಂಬಿದ ಡಬ್ಬಿಯೊಳಗೆ ಇಟ್ಟ. ಒಂದೂಕಾಲು ಗಂಟೆ ಹಿಡಿಯಿತು. ತಮ್ಮ ಹೊರಗೆ ಬಿಸಿಲಿನಲ್ಲಿ ನಿಂತು ಒಂದು ಚಿಹ್ನೆಯನ್ನು ಪರದೆಯ ನಾಲ್ಕೂ ಮೂಲೆಗೆ ಎಳೆದು ನೋಡಿದ. ಒಳಗೆ ಬಂದು ಬಿಲ್ಲು ಕೇಳಿ, 'ಆರು ತಿಂಗಳು' ಎಂಬುದನ್ನು ಅದರ ಮೇಲೆ ಬರೆಸಿಕೊಂಡು ಇಂಡಿಯ ಬಸ್ಸು ಹತ್ತಿದ.